ಚಿಕ್ಕಪ್ಪ, ಕಾಡಲ್ಲಿ ನಡೆಯಬೇಕಿದ್ದರೆ ಹಾರ್ಟ್ಸ್‌ಗೆ ಬನ್ನಿ

ಚಿಕ್ಕಪ್ಪ, ನಮಸ್ಕಾರ. ಸೆಪ್ಟೆಂಬರ್‌ನಲ್ಲಿ ಜರ್ಮನಿಯ ಹ್ಯಾನೋವರ್‌ಗೆ ಮಗಳ ಮನೆಗೆ ಬರ್ತಾ ಇದ್ದೀವಿ, ಊರು ಅಂಗಡಿ ಎಲ್ಲ ಹೋದ ಸಲ ನೋಡಿ ಆಯ್ತು, ಈ ಸಲ ಕಾಡಲ್ಲಿ ನಡೆಯೋ ಜಾಗ ಇದ್ದರೆ ಹೇಳಿ, ಚಿಕ್ಕಮ್ಮನ ಮಂಡಿ ನೋವೂ ನೆನಪಿರಲಿ ಅಂತ ಗ್ರೂಪ್‌ನಲ್ಲಿ ಕೇಳಿದ್ದಿರಿ ಅಲ್ವಾ. ಎಲ್ಲರೂ ಬ್ಲ್ಯಾಕ್ ಫಾರೆಸ್ಟ್ ಅಂತಲೇ ಹಾಕಿದ್ದಾರೆ. ಅದು ಚೆನ್ನಾಗಿದೆ, ನಾನು ಇಲ್ಲ ಅನ್ನುವುದಿಲ್ಲ. ಆದರೆ ಅದು ದೇಶದ ಇನ್ನೊಂದು ಮೂಲೆ, ರೈಲಲ್ಲಿ ಕೂತೇ ಅರ್ಧ ದಿನ ಹೋಗುತ್ತದೆ. ನಿಮ್ಮ ಮಗಳ ಮನೆ ಹತ್ತಿರವೇ ಹಾರ್ಟ್ಸ್ ಬೆಟ್ಟಗಳಿವೆ. ಹ್ಯಾನೋವರ್‌ನಿಂದ ಗೋಸ್ಲರ್‌ಗೆ ರೈಲಲ್ಲಿ ಒಂದು ಗಂಟೆ ಚಿಲ್ಲರೆ, ಅಲ್ಲಿ ಇಳಿದರೆ ಬೆಟ್ಟ ಕಣ್ಣ ಮುಂದೆ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಬಿಡುವಾದಾಗ ಓದಿ.

ನಿಮಗೆ ಹಾರ್ಟ್ಸ್ ಹೇಳುವುದಕ್ಕೆ ಇನ್ನೊಂದು ಕಾರಣ ಇದೆ. ನಮ್ಮ ಅಜ್ಜ ಕೆಜಿಎಫ್ ಚಿನ್ನದ ಗಣಿಯಲ್ಲಿ ದಿನಾ ಕೇಜ್‌ನಲ್ಲಿ, ಅಂದರೆ ಲಿಫ್ಟ್ ಥರದ ಪಂಜರದಲ್ಲಿ, ಕೆಳಗೆ ಇಳಿಯುತ್ತಿದ್ದರಲ್ಲ, ಆ ಕೇಜ್ ನೇತಾಡುತ್ತಿದ್ದದ್ದು ಉಕ್ಕಿನ ತಂತಿ ಹಗ್ಗದ ಮೇಲೆ. ಗಣಿಯಲ್ಲಿ ಅಂಥ ತಂತಿ ಹಗ್ಗ ಬಳಕೆಗೆ ಬಂದದ್ದೇ ಈ ಬೆಟ್ಟದಲ್ಲಿ, 1834ರಲ್ಲಿ, ಕ್ಲೌಸ್ಟಾಲ್ ಅನ್ನುವ ಊರಿನ ಗಣಿಯಲ್ಲಿ. ವಿಲ್ಹೆಲ್ಮ್ ಆಲ್ಬರ್ಟ್ ಅಂತ ಗಣಿಗಳ ಮೇಲಧಿಕಾರಿ ಇದ್ದರು, ಅವರು ಮಾಡಿಸಿದ್ದು. ಅದಕ್ಕೆ ಮುಂಚೆ ಸೆಣಬಿನ ಹಗ್ಗ, ಇಲ್ಲದಿದ್ದರೆ ಕಬ್ಬಿಣದ ಸರಪಳಿ. ಹಗ್ಗ ತೇವಕ್ಕೆ ಕೊಳೆಯುತ್ತಿತ್ತು. ಸರಪಳಿ ಇನ್ನೂ ಅಪಾಯ, ಒಂದು ಕೊಂಡಿ ಮುರಿದರೆ ಮುಗಿಯಿತು, ಮುಂಚೆ ಸುಳಿವೇ ಸಿಗುವುದಿಲ್ಲ. ಆಲ್ಬರ್ಟ್ 3.5 ಮಿಲಿಮೀಟರ್ ದಪ್ಪದ ನಾಲ್ಕು ತಂತಿ ಸೇರಿಸಿ ಒಂದು ಎಳೆ ಮಾಡಿಸಿದರು, ಅಂಥ ಮೂರು ಎಳೆ ಹೊಸೆದು ಒಂದು ಹಗ್ಗ. ಒಂದು ತಂತಿ ಹೋದರೂ ಉಳಿದವು ತೂಕ ಹಿಡಿಯುತ್ತವೆ, ಹೋದದ್ದು ಕಣ್ಣಿಗೂ ಕಾಣುತ್ತದೆ, ರಿಪೇರಿ ಮಾಡಬಹುದು. ಇದನ್ನು ಓದಿದ ದಿನ ನನಗೆ ಅಜ್ಜನೇ ನೆನಪಾದರು. ಅವರ ಮಗ ನೀವು, ನೀವು ಇಲ್ಲಿಗೆ ಬರಲೇಬೇಕು ಅಂತ ಅವತ್ತಿನಿಂದ ಮನಸ್ಸಲ್ಲಿದೆ.

ಈಗ ನಡೆಯುವ ವಿಷಯ. ಹಾರ್ಟ್ಸ್ ಅಂದ ಕೂಡಲೇ ಎಲ್ಲರೂ ಬ್ರಾಕನ್ ಶಿಖರ ಅನ್ನುತ್ತಾರೆ. ಅದು ಆಮೇಲೆ. ಮೊದಲು ನೀರಿನ ಕಾಲುವೆಗಳ ಪಕ್ಕದ ದಾರಿ ನಡೆಯಿರಿ, ಚಿಕ್ಕಮ್ಮನ ಮಂಡಿಗೂ ಅದೇ ಸರಿ. ಇಲ್ಲಿ ಬೆಳ್ಳಿ, ಸೀಸ, ತಾಮ್ರದ ಗಣಿಗಳಿದ್ದವು. ಗಣಿ ಆಳಕ್ಕೆ ಹೋದಷ್ಟೂ ಒಳಗೆ ನೀರು ತುಂಬುತ್ತದೆ. ಆ ನೀರು ಹೊರಗೆ ಹಾಕುವುದಕ್ಕೆ ಪಂಪ್ ಬೇಕು, ಪಂಪ್ ತಿರುಗಿಸುವುದಕ್ಕೆ ದೊಡ್ಡ ನೀರಿನ ಚಕ್ರ ಬೇಕು, ಚಕ್ರಕ್ಕೆ ಮತ್ತೆ ನೀರೇ ಬೇಕು. ಹಾಗಾಗಿ ಮಳೆ ಜಾಸ್ತಿ ಬೀಳುವ ಎತ್ತರದ ಜಾಗದಿಂದ ನೀರು ಹಿಡಿದು, ಕೆರೆ ಕಟ್ಟಿ, ಬೆಟ್ಟದ ಮೈ ಸುತ್ತಿಸಿ ಕಾಲುವೆಯಲ್ಲಿ ಗಣಿಗೆ ತಂದರು. ಸಿಸ್ಟರ್ಸಿಯನ್ ಪಂಥದ ಸನ್ಯಾಸಿಗಳು ಮಧ್ಯಯುಗದಲ್ಲಿ ಶುರು ಮಾಡಿದ ಕೆಲಸ, ಆಮೇಲೆ 16ನೇ ಶತಮಾನದಿಂದ 19ರವರೆಗೆ ಬೆಳೆಯುತ್ತಲೇ ಹೋಯಿತು. ನೂರಕ್ಕೂ ಜಾಸ್ತಿ ಕೆರೆಗಳು, ಸುಮಾರು 310 ಕಿಲೋಮೀಟರ್ ಕಾಲುವೆ. 2010ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು.

ನೀವು ನಡೆಯುವ ದಾರಿಯೂ ಈ ವ್ಯವಸ್ಥೆಯ ಭಾಗವೇ. ಕಾಲುವೆ ಕಾಯುವವರು ದಿನಾ ಎಲೆ ತೆಗೆದು, ಸೋರುವ ಕಡೆ ಮುಚ್ಚಿ, ಚಳಿಗಾಲದಲ್ಲಿ ಹಿಮ ಸರಿಸಿ ಓಡಾಡಿದ ದಾರಿ ಅದು. ನೀರು ಮೆಲ್ಲಗೆ ಇಳಿಯಬೇಕು, ಹಾಗಾಗಿ ದಾರಿಯೂ ಮಟ್ಟಸ. ಬೆಟ್ಟದಲ್ಲಿ ಇದ್ದೀವಿ ಅನ್ನಿಸುತ್ತದೆ, ಆದರೆ ಏದುಸಿರು ಬರುವುದಿಲ್ಲ.

ಒಂದೇ ದಾರಿ ಹೇಳು ಅಂದರೆ ನಾನು ರೇಬರ್ಗರ್ ಗ್ರಾಬೆನ್ ಅನ್ನುವ ಕಾಲುವೆಯ ದಾರಿ ಅನ್ನುತ್ತೇನೆ. ಓಡರ್‌ಟೈಖ್ ಅನ್ನುವ ಕೆರೆಯಿಂದ ಶುರು ಮಾಡಿ, ಏಳು ಕಿಲೋಮೀಟರ್‌ಗಿಂತ ಸ್ವಲ್ಪ ಜಾಸ್ತಿ, ಸಾಂಕ್ಟ್ ಆಂಡ್ರಿಯಾಸ್‌ಬರ್ಗ್ ಕಡೆಗೆ ಹೋಗುತ್ತದೆ. ಕೆರೆಯ ಏರಿ 1722ರಲ್ಲಿ ಮುಗಿದದ್ದು, ಆಮೇಲೆ 19ನೇ ಶತಮಾನದ ಕೊನೆ ತನಕ ಇಡೀ ಜರ್ಮನಿಯಲ್ಲಿ ಅದೇ ದೊಡ್ಡ ಅಣೆಕಟ್ಟು. ಏರಿ ಮೇಲೆ ನಿಂತು ಕೆಳಗೆ ನೋಡಿ. ದೊಡ್ಡ ದೊಡ್ಡ ಗ್ರಾನೈಟ್ ಬಂಡೆ ಜೋಡಿಸಿದ್ದಾರೆ, ನೀರು ಸೋರದ ಹಾಗೆ ಒಳಗೆ ಗ್ರಾನೈಟ್ ಪುಡಿಯನ್ನೇ ತುಂಬಿದ್ದಾರೆ. ಅಲ್ಲಿಂದ ಮುಂದೆ ಕಾಲುವೆ ನಿಮ್ಮ ಪಕ್ಕದಲ್ಲೇ ಬರುತ್ತದೆ, ನಮ್ಮ ತೋಟದ ಕಾಲುವೆಯಷ್ಟೇ ಅಗಲ, ಎರಡೂ ಕಡೆ ಕಲ್ಲು ಕಟ್ಟಿದ್ದು. ನೀರು ಚಹಾ ಡಿಕಾಕ್ಷನ್ ಬಣ್ಣ. ಗಲೀಜು ಅಂದುಕೊಳ್ಳಬೇಡಿ, ಮೇಲಿನ ಜೌಗು ನೆಲದಲ್ಲಿ ಕೊಳೆತ ಪಾಚಿಯಿಂದ ಬರುವ ಬಣ್ಣ ಅದು. ಒಂದು ಕಡೆ ಬಂಡೆ ಗೋಡೆ ಹಾಗೆ ಎದ್ದು ನಿಂತಿದೆ, ಅಲ್ಲಿ ಎರಡು ಜಾತಿಯ ಕಲ್ಲು ಒಂದಕ್ಕೊಂದು ಅಂಟಿಕೊಂಡಿರುವುದು ಕಾಣುತ್ತದೆ. ಕವಿ ಗಯಟೆ ಕಲ್ಲು ಭೂಮಿ ಅಂತ ತಲೆ ಕೆಡಿಸಿಕೊಂಡವರು, ಅವರೂ ಇದನ್ನು ನೋಡುವುದಕ್ಕೆ ಬಂದಿದ್ದರು, ಆ ಜಾಗಕ್ಕೆ ಅವರ ಹೆಸರೇ ಇದೆ. ದಾರಿ ಮಧ್ಯೆ ಕಾಲುವೆ ಕಾಯುವವರ ಹಳೇ ಮನೆ ಇದೆ, ಈಗ ಅದು ಊಟದ ಜಾಗ. ಬಾಗಿಲು ತೆಗೆದಿರುತ್ತದಾ ಅಂತ ಮುಂಚೆ ನೋಡಿಕೊಂಡು ಹೋಗಿ, ಹೇಗೂ ಚಪಾತಿ ಸುತ್ತಿ ಇಟ್ಟುಕೊಂಡಿರಿ. ಚಿಕ್ಕಮ್ಮನಿಗೆ ಇಷ್ಟೂ ಆಗಲ್ಲ ಅಂದರೆ ಓಡರ್‌ಟೈಖ್ ಸುತ್ತಲೇ ಒಂದು ಸುತ್ತು ಸಾಕು, ಸುಮಾರು ನಾಲ್ಕು ಕಿಲೋಮೀಟರ್, ಜೌಗಿನ ಮೇಲೆ ಮರದ ಹಲಗೆ ಹಾಸಿದ್ದಾರೆ. ಒದ್ದೆ ಹಲಗೆ ಜಾರುತ್ತದೆ, ಚಪ್ಪಲಿ ಬೇಡವೇ ಬೇಡ.

ಕಾಲುವೆ ಮುಗಿಯುವ ಊರಲ್ಲಿ ಸಾಮ್ಸನ್ ಗಣಿ ಇದೆ, 1910ರಲ್ಲಿ ನಿಂತಿತು, ಈಗ ಮ್ಯೂಸಿಯಂ. ಚಿಕ್ಕಪ್ಪ, ನೀವು ಬೇರೆ ಏನು ಬಿಟ್ಟರೂ ಇದನ್ನು ಬಿಡಬೇಡಿ. 1837ರಲ್ಲಿ ಅಲ್ಲಿ ಆಳುಗಳು ಇಳಿದು ಹತ್ತುವುದಕ್ಕೆ ಒಂದು ಯಂತ್ರ ಹಾಕಿದರು. ಪಕ್ಕಪಕ್ಕ ಎರಡು ಉದ್ದ ಸಾಲು, ಅವುಗಳಲ್ಲಿ ಮೆಟ್ಟಿಲು. ನೀರಿನ ಚಕ್ರ ತಿರುಗಿದ ಹಾಗೆ ಒಂದು ಮೇಲೆ ಹೋದರೆ ಇನ್ನೊಂದು ಕೆಳಗೆ. ಆಳು ಈ ಮೆಟ್ಟಿಲಿಂದ ಆ ಮೆಟ್ಟಿಲಿಗೆ, ಆ ಮೆಟ್ಟಿಲಿಂದ ಈ ಮೆಟ್ಟಿಲಿಗೆ ಕಾಲು ಬದಲಾಯಿಸುತ್ತಾ ಇರಬೇಕು, ಹಾಗೇ ಕತ್ತಲಲ್ಲಿ ನೂರಾರು ಮೀಟರ್ ಇಳಿಯುವುದು. ಕಾಲು ತಪ್ಪಿದರೆ ಏನು ಗತಿ ಯೋಚನೆ ಮಾಡಿ. ಆದರೂ ಅದು ಬರುವ ತನಕ ಅಷ್ಟೂ ಆಳ ಏಣಿಯಲ್ಲೇ ಹತ್ತಿ ಇಳಿಯುತ್ತಿದ್ದರು, ಹಾಗಾಗಿ ಅವರಿಗೆ ಇದೇ ದೊಡ್ಡ ನೆಮ್ಮದಿ. ಅದು ಇವತ್ತಿಗೂ ಕೆಲಸ ಮಾಡುತ್ತದೆ. ಕಾಲುವೆ ನೀರೂ ನಿಂತಿಲ್ಲ, ಗಣಿಯ ಅದೇ ಇಳಿಬಾವಿಯ ಒಳಗೆ ಸಣ್ಣ ಟರ್ಬೈನ್ ಇಟ್ಟು ಕರೆಂಟ್ ತೆಗೆಯುತ್ತಿದ್ದಾರೆ. ಅಲ್ಲೇ ಕ್ಯಾನರಿ ಹಕ್ಕಿಗಳ ಮ್ಯೂಸಿಯಂ ಕೂಡ ಇದೆ. ಗಣಿಯವರ ಮನೆಗಳಲ್ಲಿ ಹಾಡುವ ಕ್ಯಾನರಿ ಸಾಕಿ ಮಾರುತ್ತಿದ್ದರು, ಸಂಬಳದ ಜೊತೆ ಅದೂ ಒಂದು ಆದಾಯ. ಮೊಮ್ಮಗನಿಗೆ ಇಷ್ಟ ಆಗುತ್ತದೆ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ, ನೋಡಿ ಗಾಬರಿ ಆಗಬೇಡಿ. ತೋರ್ಫ್‌ಹೌಸ್ ಅನ್ನುವ ಊರಿನ ಹತ್ತಿರ, ಬ್ರಾಕನ್ ಕಡೆ, ಗುಡ್ಡಕ್ಕೆ ಗುಡ್ಡವೇ ಒಣಗಿ ಬೂದು ಬಣ್ಣಕ್ಕೆ ನಿಂತಿದೆ. ಮರ ಇದೆ, ಎಲೆ ಇಲ್ಲ. ಇದಕ್ಕೂ ಗಣಿಗೂ ಸಂಬಂಧ ಇದೆ. ಅದಿರು ಕರಗಿಸುವುದಕ್ಕೆ ಇದ್ದಿಲು, ಸುರಂಗಕ್ಕೆ ತೊಲೆ ಅಂತ ಹಳೇ ಕಾಡು ಖಾಲಿಯಾಯಿತು. ಬೇಗ ಬೆಳೆಯುತ್ತದೆ, ನೆಟ್ಟಗೆ ಬೆಳೆಯುತ್ತದೆ ಅಂತ ಸ್ಪ್ರೂಸ್ ಮರ ಒಂದನ್ನೇ ಎಲ್ಲ ಕಡೆ ನೆಟ್ಟರು. 2018ರಿಂದ ಮಳೆ ಇಲ್ಲದೆ ಮರಗಳು ಸೊರಗಿದಾಗ ತೊಗಟೆ ಕೊರೆಯುವ ಹುಳು ಬಿತ್ತು, ಒಂದರಿಂದ ಒಂದಕ್ಕೆ ಹಬ್ಬಿತು. ನನಗೆ ನೋಡಿ ತುಂಬಾ ಸಂಕಟ ಆಯಿತು. ಆದರೆ ನ್ಯಾಷನಲ್ ಪಾರ್ಕ್ ಒಳಗೆ ಬಹಳ ಕಡೆ ಒಣ ಮರಗಳನ್ನು ಹಾಗೇ ಬಿಟ್ಟಿದ್ದಾರೆ, ಅವುಗಳ ಬುಡದಲ್ಲಿ ರೋವನ್, ಬರ್ಚ್ ಗಿಡಗಳು ತಾವಾಗಿ ಎದ್ದಿವೆ, ಸೆಪ್ಟೆಂಬರ್‌ನಲ್ಲಿ ರೋವನ್‌ಗೆ ಕೆಂಪು ಹಣ್ಣು ಗೊಂಚಲು ಗೊಂಚಲು. ಸುಮ್ನೆ ಫೋಟೋಗೆ ಅಂತ ಹಸಿರು ಜಾಗ ಮಾತ್ರ ಹುಡುಕಬೇಡಿ, ಇದನ್ನೂ ನಿಂತು ನೋಡಿ. ಜೋರು ಗಾಳಿ ಇದ್ದ ದಿನ ಮಾತ್ರ ಆ ಕಡೆ ಹೋಗಬೇಡಿ, ಒಣ ಮರ ಬೀಳುತ್ತವೆ. ಬೆಂಕಿ ಕಡ್ಡಿ, ಸಿಗರೇಟು ಅಂತೂ ಬೇಡವೇ ಬೇಡ, 2022ರಲ್ಲಿ ಬ್ರಾಕನ್ ಹತ್ತಿರ ದೊಡ್ಡ ಕಾಡ್ಗಿಚ್ಚೇ ಆಗಿತ್ತು.

ಬ್ರಾಕನ್ 1141 ಮೀಟರ್, ನಮ್ಮ ಕೊಡಚಾದ್ರಿಗಿಂತ ಕಡಿಮೆ. ಆದರೆ ಮೇಲೆ ಚಳಿ ಗಾಳಿ ಬೇರೆಯೇ ಲೆಕ್ಕ, ವರ್ಷದಲ್ಲಿ ಹೆಚ್ಚಿನ ದಿನ ಮಂಜು. ನಿಮ್ಮ ಅಳಿಯ ಮಗಳು ತೋರ್ಫ್‌ಹೌಸ್‌ನಿಂದ ನಡೆದು ಹೋಗಲಿ, ಒಂದು ಕಡೆಗೆ ಎಂಟು ಕಿಲೋಮೀಟರ್. ನೀವಿಬ್ಬರೂ ಮೊಮ್ಮಗನ ಜೊತೆ ಉಗಿಬಂಡಿಯಲ್ಲಿ ಹೋಗಿ, ಟಿಕೆಟ್ ದುಬಾರಿ, ಒಂದು ಸಲಕ್ಕೆ ಪರವಾಗಿಲ್ಲ. 1961ರಿಂದ 1989ರವರೆಗೆ ಪೂರ್ವ ಜರ್ಮನಿಯವರು ಆ ಶಿಖರಕ್ಕೆ ಬೇಲಿ ಹಾಕಿ ಸೈನಿಕರನ್ನು ಬಿಟ್ಟು ಯಾರನ್ನೂ ಬಿಡುತ್ತಿರಲಿಲ್ಲ. 1989ರ ಡಿಸೆಂಬರ್ 3ರಂದು ಜನ ನಡೆದು ಹೋಗಿ ಗೇಟು ತೆಗೆಸಿದರು.

ಮಳೆ ಬಂದ ದಿನಕ್ಕೆ ಗೋಸ್ಲರ್ ಇಟ್ಟುಕೊಳ್ಳಿ. ಹಳೇ ಊರು, ಪಕ್ಕದಲ್ಲೇ ರಾಮೆಲ್ಸ್‌ಬರ್ಗ್ ಗಣಿ, ಸಾವಿರ ವರ್ಷ ನಡೆದು 1988ರಲ್ಲಿ ಮುಚ್ಚಿದ್ದು. ಒಳಗೆ ಸ್ವೆಟರ್ ಬೇಕು.

ಮೊಮ್ಮಗನಿಗೆ ಹಾರ್ಟ್ಸರ್ ವಾಂಡರ್‌ನಾಡೆಲ್ ಪುಸ್ತಕ ಕೊಡಿಸಿ, ಪ್ರವಾಸಿ ಕಚೇರಿಯಲ್ಲಿ ಸಿಗುತ್ತದೆ. ಬೆಟ್ಟದ ತುಂಬಾ 222 ಕಡೆ ಸಣ್ಣ ಪೆಟ್ಟಿಗೆಯಲ್ಲಿ ಸ್ಟ್ಯಾಂಪ್ ಇಟ್ಟಿದ್ದಾರೆ, ಹೋದಲ್ಲೆಲ್ಲ ಒತ್ತಿಕೊಳ್ಳುವುದು, ಎಂಟಾದರೆ ಕಂಚಿನ ಬ್ಯಾಡ್ಜ್. ನಡೆಯಲ್ಲ ಅನ್ನುವ ಮಕ್ಕಳೂ ಮುಂದೆ ಮುಂದೆ ಓಡುತ್ತಾರೆ. ಅಲ್ಲೇ ಎರಡು ರಾತ್ರಿ ಉಳಿಯುವ ಹಾಗಿದ್ದರೆ ರೂಮಿನವರ ಹತ್ತಿರ ಬಸ್ ಕಾರ್ಡ್ ಕೇಳಿ, ಬಹಳ ಊರುಗಳಲ್ಲಿ ಅತಿಥಿಗಳಿಗೆ ಬಸ್ ಫ್ರೀ. ತಾರೀಖು ಗೊತ್ತಾದ ಕೂಡಲೇ ಹಾಕಿ ಚಿಕ್ಕಪ್ಪ, ಶನಿವಾರ ಭಾನುವಾರ ಆದರೆ ನಾನು ಗ್ಯೋಟಿಂಗನ್‌ನಿಂದ ನೇರ ಸಾಂಕ್ಟ್ ಆಂಡ್ರಿಯಾಸ್‌ಬರ್ಗ್‌ಗೆ ಬರುತ್ತೇನೆ, ಗಣಿ ಒಟ್ಟಿಗೆ ನೋಡೋಣ. ಚಿಕ್ಕಮ್ಮನಿಗೆ ಈಗಲೇ ಒಳ್ಳೆ ಶೂ ಕೊಡಿಸಿ, ಅಲ್ಲಿ ಮನೆ ಸುತ್ತ ನಡೆದು ಕಾಲಿಗೆ ಒಗ್ಗಿಸಿಕೊಂಡು ಬರಲಿ.