ಡೆಡ್‌ಫೈರ್ ಆಡಿದವರೇ, ಕಡಲ್ಗಳ್ಳರ ಪಕ್ಷ ಹಿಡಿಯಲಾ, ಬೇಡವಾ?

ಸಾಗರದ ಪೋರ:
ಪಿಲ್ಲರ್ಸ್ ಆಫ್ ಎಟರ್ನಿಟಿ 2: ಡೆಡ್‌ಫೈರ್ ಆಡಿದವರು ಯಾರಾದರೂ ಇದ್ದೀರಾ? 2018ರಲ್ಲಿ ಅಬ್ಸಿಡಿಯನ್‌ನವರು ತಂದ ಕಂಪ್ಯೂಟರ್ ಆಟ. ಮಳೆಗಾಲದಲ್ಲಿ ಶುರು ಮಾಡಿದ್ದು, ಈಗ ಅಡಿಕೆ ಕೊಯ್ಲು ಬಂದರೂ ಮುಗಿದಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನಿಮ್ಮ ಕೋಟೆಯ ಕೆಳಗೆ ಹೂತಿದ್ದ ದೈತ್ಯ ಪ್ರತಿಮೆಯೊಳಗೆ ಇಯೋಥಾಸ್ ಅನ್ನುವ ದೇವರು ಎದ್ದು, ಕೋಟೆ ಪುಡಿ ಮಾಡಿ, ಸಮುದ್ರದೊಳಗೆ ನಡೆದು ಹೋಗುತ್ತಾನೆ. ನಿಮ್ಮ ಆತ್ಮದ ಒಂದು ಪಾಲನ್ನೂ ಒಯ್ಯುತ್ತಾನೆ. ಅವನ ಬೆನ್ನು ಹತ್ತಿ ಡಿಫೈಯಂಟ್ ಅನ್ನುವ ಹಡಗಿನಲ್ಲಿ ಡೆಡ್‌ಫೈರ್ ದ್ವೀಪಗಳಿಗೆ ಹೋಗಬೇಕು. ಅಲ್ಲಿ ನಾಲ್ಕು ಪಕ್ಷ. ಮೂಲದ ಜನ ಹುವಾನಾ, ಅವರಿಗೊಬ್ಬ ರಾಣಿ. ಹೊರಗಿನಿಂದ ಬಂದ ಎರಡು ಕಂಪನಿ: ರಾಯಲ್ ಡೆಡ್‌ಫೈರ್ ಕಂಪನಿ, ವೈಲಿಯನ್ ಟ್ರೇಡಿಂಗ್ ಕಂಪನಿ. ನಾಲ್ಕನೆಯವರು ಪ್ರಿಂಚಿಪಿ, ಅಂದರೆ ಕಡಲ್ಗಳ್ಳರು.

ಈಗ ಒಂದು ಪಕ್ಷ ಹಿಡಿಯುವ ಜಾಗಕ್ಕೆ ಬಂದಿದ್ದೇನೆ. ಮೂರು ದಿನದಿಂದ ಅಲ್ಲೇ ನಿಂತಿದ್ದೇನೆ. ಏನು ಮಾಡಲಿ?

ಭದ್ರಾವತಿ ಬಾಯ್ಲರ್:
ಇದರಲ್ಲಿ ಯೋಚನೆ ಮಾಡುವುದೇನಿದೆ ಮಾರಾಯ್ರೆ! ಹಡಗು ಕೊಟ್ಟಿದ್ದಾರೆ, ಫಿರಂಗಿ ಕೊಟ್ಟಿದ್ದಾರೆ, ರಮ್ ಕೊಟ್ಟಿದ್ದಾರೆ. ಕಡಲ್ಗಳ್ಳರ ಜೊತೆ ಸೇರಿ. ಕೊನೆಗೆ ಭೂತದ ಹಡಗು ಹಿಡಿದು ಬಿರುಗಾಳಿ ದಾಟುವುದಿದೆ. ನಾನು ಆಡಿದ ಯಾವ ಆಟದಲ್ಲೂ ಅಂಥದ್ದು ಕಂಡಿಲ್ಲ.

ಗಾಂಧಿಬಜಾರ್:
ನಾನು ಒಪ್ಪುವುದಿಲ್ಲ. ಎರಡು ಸಲ ಮುಗಿಸಿದ್ದೇನೆ. ಮೊದಲ ಸಲ ಸಿಕ್ಕ ಸಿಕ್ಕ ವ್ಯಾಪಾರಿ ಹಡಗು ಮುಳುಗಿಸಿದೆ. ದುಡ್ಡು ಬಂತು. ಆದರೆ ಆ ಹಡಗಿನಲ್ಲಿ ಇದ್ದವರು ಯಾರು? ನಮ್ಮ ಹಡಗಿನಲ್ಲಿರುವಂಥ ಕೂಲಿ ನಾವಿಕರೇ ಅಲ್ವಾ? ಎರಡನೇ ಸಲ ಅದು ನನ್ನಿಂದ ಆಗಲಿಲ್ಲ. ಹುವಾನಾ ರಾಣಿಯ ಕಡೆ ನಿಂತೆ. ಸಮುದ್ರ ಅವರದ್ದು. ಬಂದವರು ಬಾಡಿಗೆದಾರರು.

ಇನ್ನೊಂದು ಮಾತು. ಹಡಗಿನ ಯುದ್ಧ ಬೇಜಾರು ತರಿಸುತ್ತದೆ. ಪರದೆ ತುಂಬ ಅಕ್ಷರ. ಹತ್ತಿರ ಹೋಗು, ತಿರುಗು, ಫಿರಂಗಿ ಹೊಡೆ. ಅಷ್ಟೇ.

ಕೊಪ್ಪದ ಕಾಫಿ:
ಅಕ್ಷರ ಇರುವುದೇ ನನಗೆ ಇಷ್ಟ. ನನ್ನದು ಹಳೆಯ ಲ್ಯಾಪ್‌ಟಾಪ್, ಗ್ರಾಫಿಕ್ಸ್ ಜಾಸ್ತಿ ಆದರೆ ಬಿಸಿಯಾಗಿ ನಿಂತೇ ಹೋಗುತ್ತದೆ. ಫಿರಂಗಿ ಬೇಡ ಅಂದರೆ ನೇರ ಅವರ ಹಡಗಿಗೆ ಹತ್ತಿ ಕತ್ತಿ ಹಿಡಿದು ಕಾದಾಡಬಹುದು. ನಾನು ಯಾವಾಗಲೂ ಹಾಗೇ ಮಾಡುವುದು.

ಹೊಸಬರಿಗೆ: 2019ರ ಜನವರಿಯಲ್ಲಿ ಸರದಿಯ ಮೇಲೆ ಕಾದಾಡುವ ವಿಧಾನವನ್ನೂ ಸೇರಿಸಿದರು. ಆಟ ಶುರು ಮಾಡುವಾಗಲೇ ಅದನ್ನು ಆರಿಸಿಕೊಳ್ಳಿ. ಒಬ್ಬೊಬ್ಬರ ಸರದಿ ಬಂದಾಗ ನಿಧಾನವಾಗಿ ಯೋಚಿಸಬಹುದು. ಮಧ್ಯೆ ಎದ್ದು ಹೋಗಿ ಒಲೆ ಮೇಲಿನ ಹಾಲು ನೋಡಿ ಬಂದರೂ ಯಾರೂ ಸಾಯುವುದಿಲ್ಲ. ಆಗಾಗ ಸೇವ್ ಮಾಡಿ. ಜುಲೈನಲ್ಲಿ ಮರ ಬಿದ್ದು ನಮ್ಮಲ್ಲಿ ನಾಲ್ಕು ದಿನ ಕರೆಂಟ್ ಇರಲಿಲ್ಲ. ಕರೆಂಟ್ ಹೋದಾಗ ನಾನು ಡೆಡ್‌ಲೈಟ್ ಕೋಟೆಯ ಒಳಗಿದ್ದೆ, ಕಳ್ಳರ ನಾಯಕ ಬೆನ್ವೆತ್‌ನನ್ನು ಹುಡುಕುತ್ತಾ. ಕದ್ದು ನುಗ್ಗಿದ್ದ ಎರಡು ಗಂಟೆ ಆಟ ಹೋಯಿತು. ಐದನೇ ದಿನ ಪುನಃ ಹೊರಗಿನಿಂದ ಶುರು ಮಾಡಿದೆ, ಈ ಸಲ ಸಿಟ್ಟಿನಲ್ಲಿ ಕಾದಾಡಿಕೊಂಡೇ ಒಳಗೆ ಹೋದೆ.

ಹೊಸನಗರದ ಅಕ್ಕ:
ಗಾಂಧಿಬಜಾರ್ ತಮ್ಮಾ, ಕಡಲ್ಗಳ್ಳ ಅಂತ ಹೆಸರಿಟ್ಟವರು ಯಾರು ಅಂತ ಸ್ವಲ್ಪ ನೋಡು. ನಮ್ಮ ಘಟ್ಟದ ಕೆಳಗೆ ಹೊನ್ನಾವರದಲ್ಲಿ ತಿಮ್ಮಯ್ಯ ಅಂತ ಒಬ್ಬ ಇದ್ದ. ಪೋರ್ಚುಗೀಸರು ತಿಮೋಜ ಅಂತ ಬರೆದಿದ್ದಾರೆ. ಅವರ ಬರಹದಲ್ಲಿ ಅವನು ಕಡಲ್ಗಳ್ಳ. ವಿಜಯನಗರಕ್ಕೆ ಅವನು ತಮ್ಮ ಕಡೆಯ ನೌಕಾ ನಾಯಕ. 1510ರಲ್ಲಿ ಗೋವಾ ಹಿಡಿಯಿರಿ ಅಂತ ಪೋರ್ಚುಗೀಸರ ನಾಯಕ ಅಲ್ಬುಕರ್ಕ್‌ಗೆ ಹೇಳಿಕೊಟ್ಟವನೂ ಅವನೇ. ಒಬ್ಬನೇ ಮನುಷ್ಯ, ಮೂರು ಹೆಸರು.

ಪೋರ್ಚುಗೀಸರು ಏನು ಮಾಡಿದರು? ಸಮುದ್ರದಲ್ಲಿ ಓಡಾಡಲು ತಮ್ಮ ಚೀಟಿ ಬೇಕು ಅಂದರು. ಕರ್ತಾಜ್ ಅನ್ನುತ್ತಾರೆ ಅದಕ್ಕೆ. ಚೀಟಿ ಇಲ್ಲದ ಹಡಗನ್ನು ಹಿಡಿದು ಸರಕು ಕಸಿದರು. ಅದು ಕಳ್ಳತನ ಅಲ್ಲವಂತೆ! ನಮ್ಮ ಘಟ್ಟದ ಮೆಣಸು ಎತ್ತಿನ ಬೆನ್ನ ಮೇಲೆ ಇಳಿದು ಹೋಗಿದ್ದು ಅದೇ ಬಂದರುಗಳಿಗೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಅಂತ ಕರೆದವರೂ ಅವರೇ. ಕೆಳದಿಯ ಶಿವಪ್ಪ ನಾಯಕ 1650ರ ದಶಕದಲ್ಲಿ ಹೊನ್ನಾವರದ ಕೋಟೆ ಅವರಿಂದ ಕಸಿದುಕೊಂಡ.

ಡೆಡ್‌ಫೈರ್ ಆಡುವಾಗ ನನಗೆ ಇದೇ ನೆನಪಾಗುತ್ತದೆ. ಕಂಪನಿಯ ಬಾವುಟ ಇದ್ದರೆ ವ್ಯಾಪಾರ, ಬಾವುಟ ಇಲ್ಲದಿದ್ದರೆ ದರೋಡೆ. ಆಟ ಬರೆದವರು ಇದನ್ನು ಚೆನ್ನಾಗಿ ಅರಿತಿದ್ದಾರೆ.

ಗಾಂಧಿಬಜಾರ್:
ಅಕ್ಕಾ, ತಿಮ್ಮಯ್ಯನ ವಿಷಯ ಗೊತ್ತಿರಲಿಲ್ಲ. ಓದಿ ಖುಷಿಯಾಯಿತು. ಆದರೆ ಪ್ರಿಂಚಿಪಿಗಳು ಆ ಕಡಲಿನ ಮಕ್ಕಳಲ್ಲ. ಹಳೆಯ ವೈಲಿಯಾದಿಂದ ಬಂದು ನೆಲೆ ನಿಂತ ದೊಡ್ಡ ಮನೆತನದವರ ವಂಶ. ಅವರಲ್ಲಿ ಫುರಾಂಟೆ ಅನ್ನುವ ನಾಯಕನಿಗೆ ಕ್ರೂಕ್‌ಸ್ಪರ್‌ನ ಗುಲಾಮ ವ್ಯಾಪಾರಿಗಳ ಜೊತೆ ಸ್ನೇಹ. ಮನುಷ್ಯರನ್ನು ಮಾರುವವನ ಜೊತೆ ಹೇಗೆ ನಿಲ್ಲುವುದು?

ಭದ್ರಾವತಿ ಬಾಯ್ಲರ್:
ಫುರಾಂಟೆ ಜೊತೆ ನಿಲ್ಲಿ ಅಂದವರು ಯಾರು? ಪ್ರಿಂಚಿಪಿಗಳಲ್ಲೇ ಇನ್ನೊಬ್ಬ ನಾಯಕಿ ಏಲ್ಡಿಸ್ ಇದ್ದಾಳಲ್ಲ. ಅವಳಿಗೆ ಗುಲಾಮ ವ್ಯಾಪಾರಿಗಳನ್ನು ಕಂಡರೆ ಆಗುವುದಿಲ್ಲ. ಕ್ರೂಕ್‌ಸ್ಪರ್‌ಗೆ ನುಗ್ಗಿ ಅವರನ್ನು ಮುಗಿಸಿ, ಅವಳ ಪಕ್ಷ ಹಿಡಿಯಿರಿ. ಹುವಾನಾ ರಾಣಿ ಅಂತೀರಿ, ತಿಕವಾರ ಊರಿಗೆ ಹೋಗಿಲ್ವಾ? ಮೇಲಿನವರು ಉಂಡು ಉಳಿದದ್ದು ಮಾತ್ರ ರೋಪಾರುಗಳಿಗೆ. ಅವರು ಹುವಾನಾ ಜನರಲ್ಲೇ ಕೆಳಗಿನವರು. ಅದು ಸರಿಯಾ?

ಗಾಂಧಿಬಜಾರ್:
ಸರಿಯಲ್ಲ. ಅಲ್ಲಿ ನನಗೂ ಉತ್ತರ ಇಲ್ಲ.

ಸಾಗರದ ಪೋರ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ನಡೆದದ್ದು ಹೇಳುತ್ತೇನೆ. ನಮ್ಮ ಮನೆಯಲ್ಲಿ ಅಡಿಕೆ ಸುಲಿಯುವುದು ನಡೆಯುತ್ತಿದೆ. ಜಗಲಿಯಲ್ಲಿ ಒಂದು ಬಲ್ಬು, ಕೆಳಗೆ ಒಂಬತ್ತು ಜನ, ಒಬ್ಬೊಬ್ಬರ ಮುಂದೆ ಒಂದೊಂದು ಮೆಟ್ಟುಗತ್ತಿ. ನಿದ್ದೆ ಬಾರದಿರಲಿ ಅಂತ ಯಾರಾದರೂ ಕಥೆ ಹೇಳಬೇಕು. ನಾನು ಈ ಆಟದ ಕಥೆ ಹೇಳಿದೆ. ಹೆಸರು ನಾಲಿಗೆಗೆ ಹತ್ತುವುದಿಲ್ಲ ಅಂತ ಹುವಾನಾ ರಾಣಿಗೆ ಬರೀ 'ರಾಣಿ' ಅಂದೆ, ಕಂಪನಿಗಳಿಗೆ 'ದೊಡ್ಡ ಕಂಪನಿ, ಸಣ್ಣ ಕಂಪನಿ' ಅಂದೆ. ಫುರಾಂಟೆಯ ವಿಷಯ ಬಂದಾಗ ಎಲ್ಲರ ಕೈ ನಿಂತಿತು. ನಮ್ಮ ಮನೆಗೆ ಮೂವತ್ತು ವರ್ಷದಿಂದ ಸುಲಿಯಲು ಬರುವ ಅಮ್ಮ ಒಬ್ಬರಿದ್ದಾರೆ. ಅವರು ಕೇಳಿದ್ದು ಒಂದೇ: "ಹಡಗಿನಲ್ಲಿ ನಿನ್ನ ಕೈಕೆಳಗೆ ದುಡಿಯುವವರಿಗೆ ಊಟಕ್ಕೆ ಏನು ಕೊಡ್ತೀಯ?"

ನಾನು ಒಣ ಬಿಸ್ಕತ್ತು, ನೀರು ಕೊಡುತ್ತಿದ್ದೆ. ಎಲ್ಲಕ್ಕಿಂತ ಅಗ್ಗ ಅದೇ. ಅದಕ್ಕೇ ಅವರ ಹುಮ್ಮಸ್ಸು ಯಾವಾಗಲೂ ಕೆಳಗೆ. ಹೀಗೇ ಬಿಟ್ಟರೆ ದಂಗೆ ಏಳುತ್ತಾರೆ ಅಂತಲೂ ಗೊತ್ತು. ಹೇಳಲು ನಾಚಿಕೆಯಾಯಿತು.

ಹೊಸನಗರದ ಅಕ್ಕ:
ಆ ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆ ಕಣೋ. ಆಮೇಲೆ ಏನು ಮಾಡಿದೆ?

ಸಾಗರದ ಪೋರ:
ಇವತ್ತು ಬೆಳಿಗ್ಗೆ ನೆಕೆಟಾಕಾ ಬಂದರಿಗೆ ಹಡಗು ತಂದೆ. ಇದ್ದ ದುಡ್ಡಲ್ಲಿ ಒಳ್ಳೆಯ ಊಟ, ಹಣ್ಣು, ರಮ್ ತುಂಬಿಸಿದೆ. ಹುಮ್ಮಸ್ಸಿನ ಅಂಕಿ ಏರತೊಡಗಿತು. ಹೊಸ ಫಿರಂಗಿ ಕೊಳ್ಳಲು ಇಟ್ಟಿದ್ದ ದುಡ್ಡು ಅದು, ಹೋಗಲಿ.

ಪಕ್ಷ ಇನ್ನೂ ಹಿಡಿದಿಲ್ಲ. ಮೊದಲು ಕ್ರೂಕ್‌ಸ್ಪರ್. ಅಲ್ಲಿ ಕೂಡಿ ಹಾಕಿದವರನ್ನು ಬಿಡಿಸಿದ ಮೇಲೆ ಏಲ್ಡಿಸ್ ಹತ್ತಿರ ಹೋಗುತ್ತೇನೆ. ಇವತ್ತು ರಾತ್ರಿ ಸುಲಿಯುವಾಗ ಮುಂದಿನ ಕಥೆ ಹೇಳಬೇಕಂತೆ, ಆ ಅಮ್ಮ ಈಗಲೇ ಕೇಳಿ ಹೋದರು.

ಭದ್ರಾವತಿ ಬಾಯ್ಲರ್:
ಕ್ರೂಕ್‌ಸ್ಪರ್‌ಗೆ ಹೋಗುವ ಮೊದಲು ಸೇವ್ ಮಾಡು.