ಹೈಕ್ರಾಸ್ ಹೈಬ್ರಿಡ್: 16 ಇಂಚಿನ ಚಕ್ರವೋ, 18 ಇಂಚಿನದೋ?

ಮಲ್ನಾಡ್ ಮಳೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ಆರು ಜನ ಇದ್ದೇವೆ. ಅಪ್ಪ ಅಮ್ಮನಿಗೆ ವಯಸ್ಸಾಗಿದೆ, ಹಾಗಾಗಿ ಆರಾಮಾಗಿ ಕೂರುವ ಗಾಡಿ ಬೇಕು ಅಂತ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತಗೊಳ್ಳೋದು ಅಂತ ತೀರ್ಮಾನ ಆಗಿದೆ. ಈಗ ತಲೆಬಿಸಿ ಇರುವುದು ಯಾವ ವೇರಿಯಂಟ್ ಅನ್ನೋದರಲ್ಲಿ. ಕೆಳಗಿನ ವಿಎಕ್ಸ್‌ಗೆ 205/65 ಆರ್16 ಟೈರ್ (ಅಗಲ 205 ಮಿ.ಮೀ., ಬದಿಯ ಎತ್ತರ ಅದರ ನೂರಕ್ಕೆ 65, ಚಕ್ರ 16 ಇಂಚು), ಮೇಲಿನ ಝಡ್‌ಎಕ್ಸ್‌ಗೆ 225/50 ಆರ್18. ಮಿಕ್ಕಿದ್ದೆಲ್ಲ, ಅಂದರೆ 2 ಲೀಟರ್ ಪೆಟ್ರೋಲ್ ಎಂಜಿನ್, ಮೋಟರ್, ಬ್ಯಾಟರಿ ಎಲ್ಲ ಒಂದೇ. ಕಂಪನಿ ಹೇಳುವ ಮೈಲೇಜ್ ಕೂಡ ಹೈಬ್ರಿಡ್‌ಗೆ ಒಂದೇ ಸಂಖ್ಯೆ, ಲೀಟರ್‌ಗೆ 23.24 ಕಿ.ಮೀ.

ಗೆಳೆಯನೊಬ್ಬ "ಚಕ್ರ ಬರೀ ಲುಕ್ಕಿಗೆ ಮಾರಾಯ, ದೊಡ್ಡದೇ ತಗೋ" ಅನ್ನುತ್ತಾನೆ. ನನಗೆ ಅಷ್ಟು ನಂಬಿಕೆ ಬರುತ್ತಿಲ್ಲ. ನಾವು ಇರುವುದು ಸಕಲೇಶಪುರದ ಹತ್ತಿರ. ವಾರಕ್ಕೆರಡು ಸಲ ಹಾಸನ, ತಿಂಗಳಿಗೆರಡು ಸಲ ಬೆಂಗಳೂರು, ಆಗಾಗ ಶಿರಾಡಿ ಘಾಟಿ ಇಳಿದು ಮಂಗಳೂರು. ವರ್ಷಕ್ಕೆ ಸುಮಾರು 20 ಸಾವಿರ ಕಿ.ಮೀ. ಆಗುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ರಸ್ತೆ ಹೇಗಿರುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ. ಗೊತ್ತಿರುವವರು ದಯವಿಟ್ಟು ಹೇಳಿ.

ಸ್ಯಾನ್ ಹೊಸೆ ಕನ್ನಡಿಗ:

ನಿಮ್ಮ ಗೆಳೆಯ ಹೇಳಿದ್ದು ತಪ್ಪು. ನಾನು ಇಲ್ಲಿ ಅಮೆರಿಕದಲ್ಲಿ ಟೊಯೋಟಾದ ಹೈಬ್ರಿಡ್ ಕಾರು ಪ್ರಿಯಸ್ ತಗೊಳ್ಳುವಾಗ ಇದೇ ಪ್ರಶ್ನೆ ಇಟ್ಟುಕೊಂಡು ಒಂದು ತಿಂಗಳು ಒದ್ದಾಡಿದ್ದೆ, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಇಲ್ಲಿ ಸರ್ಕಾರದ ಇಪಿಎ ಸಂಸ್ಥೆ ಒಂದೇ ಕಾರಿನ ಬೇರೆ ಬೇರೆ ವೇರಿಯಂಟ್‌ಗೆ ಬೇರೆ ಮೈಲೇಜ್ ಸಂಖ್ಯೆ ಕೊಡುತ್ತದೆ. 2023ರಲ್ಲಿ ಬಂದ ಹೊಸ ಪ್ರಿಯಸ್ ನೋಡಿ. ಕಡಿಮೆ ಬೆಲೆಯ ಎಲ್ಇಗೆ 17 ಇಂಚಿನ ಚಕ್ರ, ಮೇಲಿನ ಎಕ್ಸ್ಎಲ್ಇ ಮತ್ತು ಲಿಮಿಟೆಡ್‌ಗೆ 19 ಇಂಚು. ಎಂಜಿನ್ ಒಂದೇ. ಎಲ್ಇಗೆ ಗ್ಯಾಲನ್‌ಗೆ 57 ಮೈಲಿ, 19 ಇಂಚಿನವಕ್ಕೆ 52. ನಮ್ಮ ಲೆಕ್ಕದಲ್ಲಿ ಲೀಟರ್‌ಗೆ 24.2 ಕಿ.ಮೀ. ಇದ್ದದ್ದು 22.1ಕ್ಕೆ ಇಳಿಯಿತು. ಟೈರಿನ ಅಗಲ ಎರಡಕ್ಕೂ 195 ಮಿ.ಮೀ. ಅನ್ನೋದು ಗಮನಿಸಿ, ಅಗಲ ಕೂಡ ಜಾಸ್ತಿ ಆಗಿಲ್ಲ! ಮೇಲಿನ ವೇರಿಯಂಟ್ ತೂಕ ಸ್ವಲ್ಪ ಜಾಸ್ತಿ, ಹಾಗಾಗಿ ಪೂರ್ತಿ ವ್ಯತ್ಯಾಸ ಚಕ್ರದ್ದೇ ಅಂತ ಹೇಳುವುದಿಲ್ಲ, ಆದರೆ ದೊಡ್ಡ ಪಾಲು ಅದರದ್ದೇ. ಟೊಯೋಟಾದ್ದೇ 2025ರ ಹೈಬ್ರಿಡ್ ಕ್ಯಾಮ್ರಿಯಲ್ಲೂ ಹಾಗೇ, 16 ಇಂಚಿನ ಎಲ್ಇಗೆ 51, 18 ಇಂಚಿನ ಎಸ್ಇಗೆ 47.

ಹೈಬ್ರಿಡ್‌ನಲ್ಲಿ ಇದು ಯಾಕೆ ಮುಖ್ಯ ಅಂದರೆ, ಬ್ರೇಕ್ ಒತ್ತಿದಾಗ ಮೋಟರು ಜನರೇಟರ್ ಥರ ಕೆಲಸ ಮಾಡಿ ಒಂದಿಷ್ಟು ಶಕ್ತಿಯನ್ನು ವಾಪಸ್ ಬ್ಯಾಟರಿಗೆ ತುಂಬುತ್ತದೆ. ಭಾರದ ಚಕ್ರ ತಿರುಗಿಸಲು ಖರ್ಚಾದದ್ದರಲ್ಲಿ ಸ್ವಲ್ಪ ಹೀಗೆ ಸಿಗುತ್ತದೆ. ಆದರೆ ಟೈರ್ ಉರುಳುವಾಗ ರಬ್ಬರ್ ಅಮುಕಿಕೊಂಡು ಬಿಸಿಯಾಗುತ್ತದಲ್ಲ, ಆ ಶಕ್ತಿ ಹೋಯಿತು ಅಂದರೆ ಹೋಯಿತು. ಯಾವ ಮೋಟರೂ ಅದನ್ನು ವಾಪಸ್ ತರುವುದಿಲ್ಲ. ಜೊತೆಗೆ ದೊಡ್ಡ ರಿಮ್ಮಿನ ಅಗಲ ಕಿಂಡಿಗಳಲ್ಲಿ ಗಾಳಿ ಸುಳಿ ಸುತ್ತುತ್ತದೆ, ಹೈವೇಯಲ್ಲಿ ಅದೂ ಎಳೆಯುತ್ತದೆ.

ನಾನು 17 ಇಂಚಿನದೇ ತಗೊಂಡೆ. ಒಂದು ದಿನವೂ ಬೇಜಾರಾಗಿಲ್ಲ.

ಟೈರ್ ಅಣ್ಣ, ತುಮಕೂರು:

ನಾನು ಟೈರ್, ಅಲೈನ್‌ಮೆಂಟ್ ಅಂಗಡಿ ಇಟ್ಟುಕೊಂಡು ಹದಿನಾಲ್ಕು ವರ್ಷ ಆಯಿತು. ಮೈಲೇಜ್ ಮಾತು ಸರಿ, ಆದರೆ ನಿಮ್ಮ ರಸ್ತೆಗೆ ಅದಕ್ಕಿಂತ ದೊಡ್ಡ ವಿಷಯ ಸೈಡ್‌ವಾಲ್, ಅಂದರೆ ಟೈರಿನ ಬದಿಯ ಗೋಡೆ ಸಾರ್.

ಲೆಕ್ಕ ಹಾಕಿ ನೋಡಿ. 205ರಲ್ಲಿ ನೂರಕ್ಕೆ 65 ಅಂದರೆ ರಿಮ್ಮಿನಿಂದ ನೆಲಕ್ಕೆ 133 ಮಿ.ಮೀ. ರಬ್ಬರ್. 225ರಲ್ಲಿ ನೂರಕ್ಕೆ 50 ಅಂದರೆ 112. ಎರಡು ಸೆಂಟಿಮೀಟರ್ ಕಮ್ಮಿ. ಗುಂಡಿಗೆ ಬಿದ್ದಾಗ ಏಟು ತಿನ್ನಬೇಕಾದ್ದು ಆ ರಬ್ಬರ್. ಅದು ಸಾಲದೇ ಹೋದರೆ ಟೈರ್ ರಿಮ್ಮಿಗೂ ಗುಂಡಿಯ ಅಂಚಿಗೂ ನಡುವೆ ಸಿಕ್ಕಿ ಒಳಗಿನ ದಾರ ಹರಿಯುತ್ತದೆ, ಬದಿಯಲ್ಲಿ ಉಬ್ಬು ಬರುತ್ತದೆ. ಉಬ್ಬು ಬಂದ ಟೈರ್ ರಿಪೇರಿ ಆಗಲ್ಲ, ಬಿಸಾಕಬೇಕು. ಜುಲೈ, ಆಗಸ್ಟ್‌ನಲ್ಲಿ ನನ್ನ ಅಂಗಡಿಗೆ ಬರುವ ಉಬ್ಬಿದ ಟೈರ್‌ಗಳಲ್ಲಿ ಜಾಸ್ತಿ ಇಂಥ ತೆಳು ಸೈಡ್‌ವಾಲ್‌ನವೇ. ನಮ್ಮ ಅಕ್ಕನ ಕಾರಿಗೂ 18 ಇಂಚು. ಒಂದೇ ಮಳೆಗಾಲದಲ್ಲಿ ಎರಡು ಟೈರ್, ಒಂದು ರಿಮ್ ಹೋಯಿತು. ರಾತ್ರಿ, ನೀರು ತುಂಬಿದ ಗುಂಡಿ, ಪಾಪ ಅವಳಿಗೆ ಕಾಣಲಿಲ್ಲ.

ಇನ್ನೊಂದು ಮಾತು. 205/65 ಆರ್16 ಅಂದರೆ ಇನ್ನೋವಾ ಕ್ರಿಸ್ಟಾದಲ್ಲಿ ಬರುವ ಸೈಜು. ಅಷ್ಟು ಟ್ಯಾಕ್ಸಿ ಓಡುತ್ತವಲ್ಲ, ಹಾಗಾಗಿ ಸಣ್ಣ ಊರಿನ ಅಂಗಡಿಯಲ್ಲೂ ಸಿಗುತ್ತದೆ, ನಾಲ್ಕೈದು ಕಂಪನಿಯದ್ದು. 18 ಇಂಚಿನದು ಕೇಳಿದರೆ ಎಷ್ಟೋ ಸಲ ನಾನೇ ಬೆಂಗಳೂರಿನಿಂದ ತರಿಸಬೇಕು. ರೇಟೂ ಜಾಸ್ತಿ. ಗಾಡಿ ನೋಡಲು ಹೋದಾಗ ಸ್ಟೆಪ್ನಿ ಯಾವ ಸೈಜು ಅಂತ ಹಿಂದೆ ಬಗ್ಗಿ ನೋಡಿ. ಬೇರೆ ಸೈಜ್ ಇದ್ದರೆ ಅದರಲ್ಲಿ ನಿಧಾನ ಓಡಿಸಬೇಕು, ಘಾಟಿಯಲ್ಲಿ ಪಂಕ್ಚರ್ ಆದರೆ ಅದರ ಕಷ್ಟ ಗೊತ್ತಾಗುತ್ತದೆ.

ಕುಡ್ಲದ ತಿರುವು:

ಸ್ವಲ್ಪ ಬೇರೆ ಅಭಿಪ್ರಾಯ. ನಾನು 18 ಇಂಚಿನ ಗಾಡಿ ಓಡಿಸುವವನು, ಘಾಟಿ ತಿರುವಿನಲ್ಲಿ ಅದು ಬಿಗಿಯಾಗಿ ನಿಲ್ಲುತ್ತದೆ. ಎತ್ತರದ ಸೈಡ್‌ವಾಲ್ ಇದ್ದರೆ ಸ್ವಲ್ಪ ತೂಗಿದ ಹಾಗೆ ಆಗುತ್ತದೆ. ಮತ್ತೆ ಎಡಾಸ್ (ಮುಂದೆ ಅಪಾಯ ಕಂಡರೆ ಎಚ್ಚರಿಸಿ ಬ್ರೇಕ್ ಹಾಕಲು ನೆರವಾಗುವಂಥ ವ್ಯವಸ್ಥೆ) ಬೇಕು ಅಂದರೆ ಝಡ್‌ಎಕ್ಸ್‌ಗಿಂತ ಮೇಲಿನ ಝಡ್‌ಎಕ್ಸ್ ಆಪ್ಷನಲ್‌ಗೇ ಹೋಗಬೇಕು, ಕೆಳಗಿನವುಗಳಲ್ಲಿ ಇಲ್ಲ. ರಾತ್ರಿ ಹೈವೇ ಓಡಾಟ ಇದ್ದರೆ ಅದನ್ನು ಸುಮ್ನೆ ಬಿಟ್ಟುಬಿಡಬೇಡಿ. ಮೈಲೇಜ್ ನೂರಕ್ಕೆ ಐದು ಕಮ್ಮಿ ಆಯಿತು ಅಂತಲೇ ಇಟ್ಟುಕೊಳ್ಳೋಣ. ನಮ್ಮ ರಸ್ತೆಯಲ್ಲಿ ಕಂಪನಿ ಹೇಳಿದಷ್ಟು ಸಿಗದೆ ಲೀಟರ್‌ಗೆ 18 ಸಿಗುತ್ತದೆ ಅಂದುಕೊಂಡರೆ, 20 ಸಾವಿರ ಕಿ.ಮೀ.ಗೆ 1,111 ಲೀಟರ್ ಬೇಕು, 17.1ರಂತೆ 1,170. ವರ್ಷಕ್ಕೆ 60 ಲೀಟರ್ ಕೂಡ ಇಲ್ಲ. ಇಷ್ಟು ದುಡ್ಡಿನ ಗಾಡಿ ತಗೊಳ್ಳುವವರು ಅದೊಂದಕ್ಕೇ ನಿರ್ಧಾರ ಮಾಡಬೇಕಾ?

ಮಲ್ನಾಡ್ ಮಳೆ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಿರುವು ಅವರ ಲೆಕ್ಕ ನೋಡಿ ಪೆಟ್ರೋಲ್ ಚಿಂತೆ ಅರ್ಧ ಹೋಯಿತು, ಟೈರ್ ಅಣ್ಣನ ಮಾತು ಓದಿ ಬೇರೆ ಚಿಂತೆ ಶುರುವಾಯಿತು. ಝಡ್‌ಎಕ್ಸ್ ಆಪ್ಷನಲ್ ತಗೊಂಡು ಆಮೇಲೆ 16 ಇಂಚಿನ ಚಕ್ರ ಹಾಕಿಸಿದರೆ ಹೇಗೆ?

ಟೈರ್ ಅಣ್ಣ, ತುಮಕೂರು:

ಹೊರಸುತ್ತು ಹೆಚ್ಚು ಕಮ್ಮಿ ಹೊಂದುತ್ತದೆ. 16ರದ್ದು ಒಟ್ಟು ಎತ್ತರ 67.3 ಸೆಂ.ಮೀ., 18ರದ್ದು 68.2. ಸ್ಪೀಡೋಮೀಟರ್‌ನಲ್ಲಿ ನೂರಕ್ಕೆ ಒಂದೂವರೆಯಷ್ಟು ವ್ಯತ್ಯಾಸ ಅಷ್ಟೇ. ಆದರೆ ರಿಮ್ ಒಳಗೆ ಬ್ರೇಕ್ ಕ್ಯಾಲಿಪರ್‌ಗೆ (ಡಿಸ್ಕ್ ಹಿಡಿಯುವ ಭಾಗಕ್ಕೆ) ತಾಗಬಾರದು, ಆಫ್‌ಸೆಟ್, ಅಂದರೆ ರಿಮ್ ಎಷ್ಟು ಒಳಗೆ ಹೊರಗೆ ಕೂರುತ್ತದೆ ಅನ್ನೋದು ಸರಿ ಇರಬೇಕು, ಟೈರ್ ಎಷ್ಟು ಭಾರ ಹೊರುತ್ತದೆ ಅನ್ನುವ ಲೋಡ್ ನಂಬರ್ ಮೊದಲಿದ್ದದ್ದಕ್ಕಿಂತ ಕಮ್ಮಿ ಆಗಬಾರದು. ಬೇರೆ ಕಂಪನಿಯ ರಿಮ್ ಹಾಕಿಸಬೇಡಿ. ಆ ಗಾಡಿಗೆ ಈ ಸೈಜ್ ಆಗುತ್ತದೆ ಅಂತ ಕಂಪನಿಯವರಿಂದ ಬರೆಸಿಕೊಂಡು, ವಿಎಕ್ಸ್‌ನ ರಿಮ್ಮನ್ನೇ ತರಿಸಿ. ವಾರಂಟಿ, ಇನ್ಶೂರೆನ್ಸ್ ಎರಡಕ್ಕೂ ಆ ಕಾಗದ ಬೇಕಾಗುತ್ತದೆ.

ಸ್ಯಾನ್ ಹೊಸೆ ಕನ್ನಡಿಗ:

ಯಾವುದೇ ಸೈಜ್ ತಗೊಳ್ಳಿ, ಗಾಳಿ ಮಾತ್ರ ಬಿಡಬೇಡಿ. ನಾಲ್ಕೂ ಟೈರಿನಲ್ಲಿ ಗಾಳಿಯ ಒತ್ತಡ ಸರಾಸರಿ ಒಂದು ಪಿಎಸ್ಐ (ಒತ್ತಡದ ಅಳತೆ) ಕಮ್ಮಿಯಾದರೆ ಮೈಲೇಜ್ ನೂರಕ್ಕೆ 0.2ರಷ್ಟು ಇಳಿಯುತ್ತದೆ ಅಂತ ಇಲ್ಲಿನ ಇಂಧನ ಇಲಾಖೆಯ ಲೆಕ್ಕ. ಬದಲಾಯಿಸುವಾಗ ಕಡಿಮೆ ಉರುಳು ತಡೆಯ, ಅಂದರೆ ಉರುಳುವಾಗ ಕಮ್ಮಿ ಶಕ್ತಿ ತಿನ್ನುವ ಟೈರ್ ಕೇಳಿ. ಭಾರತದಲ್ಲಿ ಟೈರ್‌ಗೂ ಬಿಇಇ (ಸರ್ಕಾರದ ಇಂಧನ ಉಳಿತಾಯ ಸಂಸ್ಥೆ) ಸ್ಟಾರ್ ಗುರುತು ಬಂದಿದೆ, ಫ್ರಿಜ್‌ನಲ್ಲಿ ನೋಡುವ ಹಾಗೆ ನೋಡಿ ತಗೊಳ್ಳಬಹುದು. ಆದರೆ ನಿಮ್ಮದು ಮಳೆ ಊರು, ಒದ್ದೆ ರಸ್ತೆಯ ಹಿಡಿತ ಚೆನ್ನಾಗಿದೆಯಾ ಅಂತ ಮೊದಲು ಕೇಳಿ.

ಮಲ್ನಾಡ್ ಮಳೆ:

ಭಾನುವಾರ ಎರಡೂ ಗಾಡಿ ಓಡಿಸಿ ನೋಡಲು ಹೋಗುತ್ತಿದ್ದೇವೆ. ಅಮ್ಮನನ್ನು ಮೂರನೇ ಸಾಲಿನಲ್ಲಿ ಕೂರಿಸಿ, ಒಂದೇ ಹಾಳು ರಸ್ತೆಯಲ್ಲಿ ಎರಡನ್ನೂ ಓಡಿಸುತ್ತೇನೆ. ಅವರಿಗೆ ಬೆನ್ನು ನೋವಿದೆ, ಯಾವುದರಲ್ಲಿ ಕುಲುಕಾಟ ಕಮ್ಮಿ ಅಂತ ಅವರೇ ಹೇಳಲಿ. ಸ್ಟೆಪ್ನಿ ಸೈಜೂ ನೋಡಿಕೊಂಡು ಬಂದು ಇಲ್ಲೇ ಬರೆಯುತ್ತೇನೆ.