ಕೆರೆ ಪಕ್ಕದ ದೊರೆ ಬಂಗಲೆ: ಹೆಂಚಿನ ಮೇಲೆ 1865 ಅಂತಿದೆ, ನಂಬಬಹುದಾ?

ರೈಟರ್ ಮೊಮ್ಮಗಳು:
ನಮ್ಮಜ್ಜ ಕೊಡಗಿನ ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಗುಮಾಸ್ತ ಆಗಿದ್ದರು. ಅಲ್ಲಿ ಕೆರೆ ಪಕ್ಕ ಒಂದು ಹಳೇ ಬಂಗಲೆ ಇದೆ. ಈಗ ಅಲ್ಲಿ ಯಾರೂ ಇಲ್ಲ. ವಿಕ್ಟೋರಿಯಾ ರಾಣಿ ಕಾಲದ್ದು ಅಂತ ಅಜ್ಜ ಹೇಳುತ್ತಿದ್ದರು. ದೊರೆಸಾನಿಗೆ ಜಗಲಿಯಲ್ಲಿ ಕೂತು ನೀರು ನೋಡುವ ಆಸೆ, ಅದಕ್ಕೇ ದೊರೆ ಕೆರೆ ತೋಡಿಸಿದ ಅಂತ ಕಥೆ ಬೇರೆ.

ಹೋದ ಮಳೆಗಾಲದಲ್ಲಿ ಸಿಲ್ವರ್ ಮರದ ಕೊಂಬೆ ಬಿದ್ದು ಒಂದಿಷ್ಟು ಹೆಂಚು ಜಾರಿತು. ಒಂದನ್ನು ಮಗುಚಿ ಪಾಚಿ ಉಜ್ಜಿದೆ. ಉಗುರೆಲ್ಲ ಹಸಿರಾದ ಮೇಲೆ ಕಂಡಿದ್ದು ಬಾಸೆಲ್ ಮಿಷನ್ ಹೆಸರು, ಜೊತೆಗೆ 1865. ಹಾಗಾದರೆ ಮನೆ ಆ ವರ್ಷದ್ದೇ ಅಲ್ವಾ?

ಹಳೇ ಹೆಂಚು, ಮಂಗಳೂರು:
ಅಲ್ಲ ಮೇಡಂ. 1865 ಅಂದರೆ ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಮಿಷನರಿ ಸಂಸ್ಥೆಯವರು ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ, ಹೆಂಚು ಸುಟ್ಟ ವರ್ಷ ಅಲ್ಲ. ಹಳೇ ಹೆಂಚು ಮಾರೋದೇ ನನ್ನ ಕಸುಬು, ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ! ಮೊದಲ ಮಹಾಯುದ್ಧ ಮುಗಿದ ಮೇಲೆ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಅನ್ನೋ ಕಂಪನಿ ಕೈಗೆ ಹೋದವು. ಅಲ್ಲಿಗೆ ನಿಮ್ಮ ಹೆಂಚು ಆ ಐವತ್ತು ಚಿಲ್ಲರೆ ವರ್ಷದಲ್ಲಿ ಯಾವಾಗಿನದೂ ಆಗಬಹುದು. ರಾಣಿ ತೀರಿಕೊಂಡಿದ್ದು 1901ರಲ್ಲಿ. ಲೆಕ್ಕ ನೀವೇ ಹಾಕಿ.

ಪಾಲಿಬೆಟ್ಟದ ತೋಟದವ:
ಹೆಂಚು ಆಮೇಲೆ ಬಂದಿರಬಹುದಮ್ಮ, ಗೋಡೆ ಅದಕ್ಕಿಂತ ಹಳೇದಿರಬಹುದು. ಮೊದಲು ಹುಲ್ಲಿನ ಮಾಡು ಇದ್ದರೆ ಇಳಿಜಾರು ಜಾಸ್ತಿ ಇರುತ್ತದೆ. ಅಟ್ಟ ಹತ್ತಿ ಚಿಮಣಿ ನೋಡು. ಈಗಿನ ಮಾಡಿಗಿಂತ ಕಡಿದಾದ ಗೆರೆ ಗಾರೆಯಲ್ಲಿ ಉಳಿದಿದೆಯಾ? ಪಕಾಸಿನಲ್ಲಿ, ಅಂದರೆ ಮಾಡು ಹೊರುವ ಇಳಿಜಾರು ಮರಗಳಲ್ಲಿ, ಸುಮ್ನೆ ಬಿಟ್ಟ ಹಳೇ ತೂತುಗಳಿವೆಯಾ? ಹಾಗಂತ ತೀರಾ ಹಿಂದಕ್ಕೂ ಹೋಗಬೇಡ. ಇಂಗ್ಲಿಷರು ಕೊಡಗು ಹಿಡಿದಿದ್ದು 1834ರಲ್ಲಿ, ಫೌಲರ್ ಎನ್ನುವ ದೊರೆ ಮಡಿಕೇರಿಯಲ್ಲಿ ಕಾಫಿ ತೋಟ ಮಾಡಿದ್ದು 1854ರಲ್ಲಿ.

ದೊರೆಸಾನಿ ಕಥೆ ಚೆನ್ನಾಗಿದೆ. ಆದರೆ ಕಾಫಿ ಹಣ್ಣು ಪಲ್ಪ್ ಮಾಡೋಕೆ, ಅಂದರೆ ಸಿಪ್ಪೆ ಬಿಡಿಸೋಕೆ, ಬೀಜ ತೊಳೆಯೋಕೆ ನೀರು ಎಷ್ಟು ಬೇಕು ಗೊತ್ತಾ? ಕೆರೆಯ ಕೆಳಗಡೆ ಗಾರೆ ತೊಟ್ಟಿ ಏನಾದರೂ ಇದೆಯಾ?

ರೈಟರ್ ಮೊಮ್ಮಗಳು:
ಇದೆ ಅಂಕಲ್! ತೂಬಿನಿಂದ ಕಲ್ಲಿನ ಕಾಲುವೆ ಬರುತ್ತದೆ, ಅದರ ತುದಿಗೆ ಸಾಲಾಗಿ ಮೂರು ತೊಟ್ಟಿ. ಚಿಕ್ಕವರಿದ್ದಾಗ ಅದನ್ನು ದೊರೆಸಾನಿ ಸ್ನಾನ ಮಾಡುತ್ತಿದ್ದ ಜಾಗ ಅಂದುಕೊಂಡಿದ್ದೆವು. ಭಾನುವಾರ ಏಣಿ ತರಿಸುತ್ತೇನೆ, ಚಿಮಣಿಯ ಫೋಟೋ ಹಾಕುತ್ತೇನೆ.